ಪರದೇಶದ ರುಚಿ ಮನೆಯ ಒಲೆಗೆ ಬಂದ ದಾರಿ

ಎರಡನೇ ಮಹಾಯುದ್ಧ ಮುಗಿದು ಐದು ವರ್ಷ ಕಳೆದರೂ ಇಂಗ್ಲೆಂಡಿನಲ್ಲಿ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲವೂ ಪಡಿತರದಲ್ಲೇ ಸಿಗುತ್ತಿದ್ದವು. ಆಲಿವ್ ಎಣ್ಣೆ ಬೇಕೆಂದರೆ ಔಷಧಿ ಅಂಗಡಿಗೆ ಹೋಗಬೇಕು. ಕಿವಿಗೆ ಬಿಡುವ ಎಣ್ಣೆಯೆಂದೇ ಬಹಳ ಜನ ಅದನ್ನು ಬಲ್ಲವರು. ಅಂಥ ಕಾಲದಲ್ಲಿ, 1950ರಲ್ಲಿ, ಎಲಿಜಬೆತ್ ಡೇವಿಡ್ ಅವರ ‘ಎ ಬುಕ್ ಆಫ್ ಮೆಡಿಟರೇನಿಯನ್ ಫುಡ್’ ಹೊರಬಂತು. ಗ್ರೀಸಿನ ದ್ವೀಪದಲ್ಲಿ, ಕೈರೋದಲ್ಲಿ ಇದ್ದು ಬದನೆ, ಬೆಳ್ಳುಳ್ಳಿ, ನಿಂಬೆ, ಅಂಜೂರಗಳ ರುಚಿ ಹಿಡಿದು ಬಂದವರು ಅವರು. ಪುಸ್ತಕದಲ್ಲಿದ್ದ ಎಷ್ಟೋ ಸಾಮಾನು ಊರಿನ ಅಂಗಡಿಗಳಲ್ಲಿ ಇರಲೇ ಇಲ್ಲ. ಮಾಡಲಾಗದಿದ್ದರೂ ಜನ ಓದಿದರು. ಪಡಿತರ ಪೂರ್ತಿ ನಿಂತದ್ದು 1954ರ ಜುಲೈನಲ್ಲಿ. ಮರುವರ್ಷ ಪೆಂಗ್ವಿನ್ ಅಗ್ಗದ ಆವೃತ್ತಿ ತಂದಾಗ ಪುಸ್ತಕ ಮನೆಮನೆ ಹೊಕ್ಕಿತು.

ಡೇವಿಡ್ ಅಳತೆಯನ್ನು ಓದುಗರ ಕೈಗೇ ಬಿಟ್ಟುಬಿಡುತ್ತಿದ್ದರು. ಅಡುಗೆ ಬಲ್ಲವರಿಗೆ ಅಷ್ಟು ಸಾಕು, ಹೊಸಬರಿಗೆ ಸಾಲದು. ಆ ಕೊರತೆ ತುಂಬಿದವರು ಅಮೆರಿಕದ ಜೂಲಿಯಾ ಚೈಲ್ಡ್. ಗಂಡನ ಸರ್ಕಾರಿ ಕೆಲಸದ ನಿಮಿತ್ತ 1948ರಲ್ಲಿ ಫ್ರಾನ್ಸಿಗೆ ಹೋದವರು ಪ್ಯಾರಿಸ್ಸಿನ ಅಡುಗೆ ಶಾಲೆ ಸೇರಿದರು. ಇಬ್ಬರು ಫ್ರೆಂಚ್ ಗೆಳತಿಯರೊಡನೆ 1961ರಲ್ಲಿ ‘ಮಾಸ್ಟರಿಂಗ್ ದಿ ಆರ್ಟ್ ಆಫ್ ಫ್ರೆಂಚ್ ಕುಕಿಂಗ್’ ತಂದರು. ಅದರ ಹೆಚ್ಚುಗಾರಿಕೆ ಏನೆಂದರೆ, ಹೀಗೆ ಮಾಡಿ ಎನ್ನುವುದರ ಜೊತೆಗೆ ಯಾಕೆ ಎಂಬುದನ್ನೂ ಅದು ಹೇಳುತ್ತದೆ. ಅಣಬೆ ಹುರಿಯುವಾಗ ಒದ್ದೆ ಇರಬಾರದು, ಬೆಣ್ಣೆ ಚೆನ್ನಾಗಿ ಕಾದಿರಬೇಕು, ಬಾಣಲೆಯಲ್ಲಿ ಒತ್ತೊತ್ತಾಗಿ ತುಂಬಬಾರದು. ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತವೆಯೇ ಹೊರತು ಕೆಂಪಗಾಗುವುದಿಲ್ಲ. ಬೆಂಡೆಕಾಯಿ ಪಲ್ಯ ಮಾಡುವ ನಮ್ಮ ಹೆಂಗಸರಿಗೆ ಈ ನ್ಯಾಯ ಹೊಸದಲ್ಲ. ಅದನ್ನು ಹೀಗೆ ಬಿಡಿಸಿ ಬರೆದಿಟ್ಟದ್ದು ದೊಡ್ಡದು.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 1968ರದು. ಅಲ್ಲಿಯವರೆಗೆ ಬರೆದವರು ಹೆಚ್ಚಾಗಿ ಪ್ರವಾಸಿಗರು, ಪರಊರಿನಲ್ಲಿ ಉಂಡು ಬಂದವರು. ‘ಎ ಬುಕ್ ಆಫ್ ಮಿಡ್ಲ್ ಈಸ್ಟರ್ನ್ ಫುಡ್’ ಬರೆದ ಕ್ಲೌಡಿಯಾ ರೋಡೆನ್ ಊರನ್ನೇ ಕಳೆದುಕೊಂಡವರು. ಕೈರೋದ ಯಹೂದಿ ಮನೆತನದ ಹೆಣ್ಣುಮಗಳು. 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಅವರ ಜನ ಈಜಿಪ್ಟ್ ಬಿಡಬೇಕಾಯಿತು. ಲಂಡನ್ನಿನಲ್ಲಿ ಸಿಕ್ಕಾಗಲೆಲ್ಲ, ಮತ್ತೆ ಭೇಟಿಯಾಗುತ್ತೇವೋ ಇಲ್ಲವೋ ಎಂದು ಒಬ್ಬರಿಗೊಬ್ಬರು ಅಡುಗೆ ವಿಧಾನ ಬರೆದುಕೊಡುತ್ತಿದ್ದರು. ಆ ಪುಸ್ತಕ ಹುಟ್ಟಿದ್ದು ಹೀಗೆ ಕೂಡಿಸಿದ್ದರಿಂದ.

ಆಮೇಲೆ ಇದೇ ದಾರಿ ಅಗಲವಾಯಿತು. 1973ರಲ್ಲಿ ಮಾರ್ಸೆಲ್ಲಾ ಹಜಾನ್ ಅವರ ಇಟಾಲಿಯನ್ ಪುಸ್ತಕವೂ ಮಧುರ್ ಜಾಫ್ರಿ ಅವರ ಭಾರತೀಯ ಅಡುಗೆಯ ಪುಸ್ತಕವೂ ಬಂದವು. ಹಜಾನ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ಮದುವೆಯಾಗಿ ನ್ಯೂಯಾರ್ಕಿಗೆ ಬಂದ ಮೇಲೆಯೇ ಅಡುಗೆ ಕಲಿತರು. ಜಾಫ್ರಿ ನಾಟಕ ಕಲಿಯಲು ಲಂಡನ್ನಿಗೆ ಹೋದಾಗ ದೆಹಲಿಯಿಂದ ತಾಯಿ ಬರೆದ ಕಾಗದಗಳೇ ಅವರಿಗೆ ಪಾಠ. 1982ರಲ್ಲಿ ಬಿಬಿಸಿಯಲ್ಲಿ ಅವರ ಕಾರ್ಯಕ್ರಮ ಬಂದಾಗ ಮ್ಯಾಂಚೆಸ್ಟರಿನ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪೇ ಖಾಲಿಯಾಯಿತೆಂಬ ಮಾತು ಪ್ರಸಿದ್ಧ. ಜೆರುಸಲೆಮ್ಮಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಜೊತೆಯಾದ ಯಹೂದಿ ಯೋತಮ್ ಒಟ್ಟೊಲೆಂಗಿ ಮತ್ತು ಪ್ಯಾಲೆಸ್ಟೀನಿನ ಸಾಮಿ ತಮೀಮಿ 2012ರಲ್ಲಿ ‘ಜೆರುಸಲೆಂ’ ಬರೆದದ್ದೂ ಈ ಸಾಲಿನದೇ.

ಇವುಗಳಲ್ಲಿ ಒಂದನ್ನೇ ಕೊಳ್ಳುವವರು ರೋಡೆನ್ ಪುಸ್ತಕ ಕೊಳ್ಳಲಿ. ಅದರ ಮೆಗದರ್ರಾದಿಂದ ಶುರುಮಾಡಿ: ಇಡೀ ಮಸೂರ, ಅಕ್ಕಿ, ಎಣ್ಣೆಯಲ್ಲಿ ಕಡುಗಂದು ಆಗುವವರೆಗೆ ಹುರಿದ ಈರುಳ್ಳಿ, ಪಕ್ಕಕ್ಕೆ ಮೊಸರು. ಎಲ್ಲವೂ ನಮ್ಮ ದಿನಸಿ ಅಂಗಡಿಯಲ್ಲೇ ಸಿಗುತ್ತವೆ.