ಬಟ್ಟಲಿನ ತಳದಲ್ಲಿ ಬರೆದ ಊರು

ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಅದರ ಮೇಲೆ ಹೆಸರು ಕೆತ್ತಿಸುವ ಪದ್ಧತಿಯಿದೆ: ಯಾರು ಕೊಟ್ಟದ್ದು, ಯಾರ ಮದುವೆಗೆ, ಯಾವ ತಾರೀಖು. ಅಮ್ಮ ಊರಿಂದ ತಂದ ಡಬ್ಬಿಗಳನ್ನು ತಿರುಗಿಸಿ ನೋಡಿ, ಒಂದಾದರೂ ಸಿಗುತ್ತದೆ. ಹಳೆಯ ಪಿಂಗಾಣಿ ಸಂಗ್ರಹಿಸುವವರೂ ಹೀಗೆಯೇ. ಬಟ್ಟಲಿನ ಚಿತ್ರಕ್ಕಿಂತ ಮೊದಲು ಅದರ ತಳ ನೋಡುತ್ತಾರೆ. ಇವತ್ತಿನ ಮಾತು ಆ ತಳದ ಬರಹದ ಬಗ್ಗೆ.

ಜಪಾನಿನ ಇಶಿಕಾವಾ ಪ್ರಾಂತದಲ್ಲಿ ನೋಮಿ ಎಂಬ ಊರಿದೆ. ತೆರಾಯ್, ನೆಅಗಾರಿ, ತತ್ಸುನೊಕುಚಿ ಎಂಬ ಮೂರು ಪಟ್ಟಣ ಸೇರಿ 2005ರಲ್ಲಿ ಆದ ನಗರ. ಕುತಾನಿ ಎಂಬ ಬಣ್ಣದ ಪಿಂಗಾಣಿಗೆ ಇದು ದೊಡ್ಡ ಕೇಂದ್ರ. ವಿಚಿತ್ರವೆಂದರೆ, ಕುತಾನಿ ನೋಮಿಯ ಹಳ್ಳಿಯಲ್ಲ. ಅದು ದಕ್ಷಿಣಕ್ಕೆ, ಇಂದಿನ ಕಾಗಾ ನಗರದ ಬೆಟ್ಟಗಳ ನಡುವಿನ ಹಳ್ಳಿ. 1655ರ ಸುಮಾರಿಗೆ ಅಲ್ಲಿ ಗೂಡು ಹಚ್ಚಿದರು, ಅರ್ಧ ಶತಮಾನದಲ್ಲಿ ಅದು ಆರಿಹೋಯಿತು. ಸುಮಾರು ನೂರು ವರ್ಷದ ನಂತರ ಮತ್ತೆ ಹೊತ್ತಿಸಿದವರಲ್ಲಿ ಹೊರಗಿನವರೇ ಮುಖ್ಯರು. ಕ್ಯೋತೊದಿಂದ ಅಓಕಿ ಮೊಕುಬೆಯ್ ಬಂದ. ಅವನ ಜೊತೆಗಾರ ಹೊಂದಾ ತೆಯ್‌ಕಿಚಿ 1811ರಲ್ಲಿ ಹನಸಾಕಾ ಎಂಬಲ್ಲಿ ಪಿಂಗಾಣಿಯ ಕಲ್ಲನ್ನು ಹುಡುಕಿದ. ಇಂದಿಗೂ ಅದೇ ಕಲ್ಲು ಬಳಕೆಯಲ್ಲಿದೆ.

ತಯಾರಿಕೆ ಹೀಗೆ. ಮಣ್ಣಿನ ಬಟ್ಟಲನ್ನು ಮೊದಲು ಲೇಪವಿಲ್ಲದೆ ಸುಡುತ್ತಾರೆ, ಇದೇ ಬಿಸ್ಕ್. ಆಮೇಲೆ ಗಾಜಿನ ಲೇಪ ಕೊಟ್ಟು ಸುಮಾರು 1300 ಡಿಗ್ರಿಯಲ್ಲಿ ಎರಡನೆಯ ಸುಡುವಿಕೆ. ಅದರ ಮೇಲೆ ಹಸಿರು, ಹಳದಿ, ಕೆಂಪು, ನೇರಳೆ, ಕಡುನೀಲಿ ಬಳಿದು ಕಡಿಮೆ ಶಾಖದಲ್ಲಿ ಮತ್ತೊಮ್ಮೆ. ತೆರಾಯ್‌ನಲ್ಲಿ 1816ರಲ್ಲಿ ಹುಟ್ಟಿದ ಕುತಾನಿ ಶೋಜಾ ಇದಕ್ಕೆ ಚಿನ್ನವನ್ನೂ ಸೇರಿಸಿದ. ಪಾಶ್ಚಾತ್ಯ ಗಿರಾಕಿಗಳಿಗೆ ಅದು ಹಿಡಿಸಿತು. 1873ರ ವಿಯೆನ್ನಾ ಪ್ರದರ್ಶನದ ನಂತರದ ದಶಕಗಳಲ್ಲಿ ಹಡಗುಗಟ್ಟಲೆ ಕುತಾನಿ ಹೊರದೇಶಕ್ಕೆ ಹೋಯಿತು.

ಇಲ್ಲಿಂದ ತಳದ ಬರಹವನ್ನು ಅಮೆರಿಕದ ಸುಂಕದ ಕಟ್ಟೆ ನಿರ್ಧರಿಸತೊಡಗಿತು. 1890ರ ಮೆಕಿನ್ಲೀ ಸುಂಕ ಕಾಯ್ದೆಯಂತೆ 1891ರ ಮಾರ್ಚಿನಿಂದ ಪ್ರತಿ ಆಮದು ವಸ್ತುವಿನ ಮೇಲೆ ಅದರ ದೇಶದ ಹೆಸರಿರಬೇಕು. ಜಪಾನಿನವರು ‘ನಿಪ್ಪಾನ್’ ಎಂದು ಒತ್ತಿದರು, ಅವರ ದೇಶವನ್ನು ಅವರು ಕರೆಯುವುದೇ ಹಾಗೆ. ಮೂವತ್ತು ವರ್ಷ ಅದು ನಡೆಯಿತು. 1921ರಲ್ಲಿ ಅಮೆರಿಕದ ಅಧಿಕಾರಿಗಳು, ಇದು ಜಪಾನೀ ಪದ, ಇನ್ನು ‘ಜಪಾನ್’ ಎಂದೇ ಬರೆಯಿರಿ ಎಂದರು. ಯುದ್ಧದಲ್ಲಿ ಸೋತ ಮೇಲೆ, 1947ರಿಂದ, ‘ಆಕ್ಯುಪೈಡ್ ಜಪಾನ್’ ಬಂತು. ತನ್ನ ದೇಶ ಬೇರೆಯವರ ವಶದಲ್ಲಿದೆ ಎಂದು ಕುಶಲಕರ್ಮಿ ತನ್ನ ಕೈಯಿಂದಲೇ ಟೀ ಕಪ್ಪಿನ ಅಡಿಗೆ ಒತ್ತಬೇಕಾಯಿತು. 1952ರಲ್ಲಿ ಆ ಕಾಲ ಮುಗಿಯಿತು. ಇವತ್ತು ಅಮೆರಿಕದ ಸಂಗ್ರಾಹಕರಲ್ಲಿ ಇದನ್ನೇ ಹುಡುಕಿ ಕೊಳ್ಳುವವರಿದ್ದಾರೆ. ನನಗೆ ಇದು ಸ್ವಲ್ಪ ಕಸಿವಿಸಿಯ ಹವ್ಯಾಸ ಅನಿಸುತ್ತದೆ, ಆದರೆ ಬಟ್ಟಲಿನ ವಯಸ್ಸು ಹೇಳಲು ಇಷ್ಟು ಖಚಿತವಾದ ದಾರಿ ಬೇರೆ ಕಡಿಮೆ. ಎಚ್ಚರ, ನಿಪ್ಪಾನ್ ಮುದ್ರೆಯ ನಕಲಿಗಳು ಬೇಕಾದಷ್ಟಿವೆ.

ಬೊಂಬೆಗಳದ್ದೂ ಇದೇ ಕಥೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಬಿಸ್ಕ್ ಬೊಂಬೆಗಳು ಅಮೆರಿಕಕ್ಕೆ ಬರುವುದು ನಿಂತಾಗ, ಮೊರಿಮುರಾದಂಥ ಜಪಾನೀ ಕಂಪನಿಗಳು ಆ ಜಾಗ ತುಂಬಿದವು. ಮುಖ ಯುರೋಪಿನ ಮಗುವಿನದು, ಕುತ್ತಿಗೆಯ ಹಿಂದೆ ‘ನಿಪ್ಪಾನ್’.

“ಅದು ಸರಿ, ನೀನು ನಿಜವಾಗಿ ಯಾವ ಊರಿನವನು?” ಈ ಪ್ರಶ್ನೆ ನಿಮಗೆ ಹೊಸದಲ್ಲ. ಕುತಾನಿಗೂ ಹೊಸದಲ್ಲ. ‘ಹಳೆಯ ಕುತಾನಿ’ ಎಂದು ಪೂಜೆಗೊಳ್ಳುತ್ತಿದ್ದ ತಟ್ಟೆಗಳನ್ನು ಹೋಲುವ ಚೂರುಗಳು ದೂರದ ಕ್ಯೂಶೂ ದ್ವೀಪದ ಅರಿತಾದಲ್ಲಿ ನೆಲ ಅಗೆದಾಗ ಸಿಕ್ಕವು. ಅವುಗಳಲ್ಲಿ ಬಹುಪಾಲು ಅರಿತಾದವೇ ಎಂಬುದು ಇಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇಶಿಕಾವಾದ ಹಲವರು ಒಪ್ಪುವುದಿಲ್ಲ. ಮೂಲ ಎಲ್ಲಿಯದಾದರೂ, ಎರಡು ಶತಮಾನಗಳಿಂದ ಆ ಬಣ್ಣ ಕಲಿತು ಬಳಿದವರು ಇಲ್ಲಿಯವರೇ ಎನ್ನುವುದನ್ನು ಯಾವ ಚೂರೂ ಅಳಿಸುವುದಿಲ್ಲ.

ನೋಮಿಯಲ್ಲಿ 1879ರಿಂದ ನಡೆಯುತ್ತಿರುವ ಚೋಎಮೊನ್ ಎಂಬ ಗೂಡಿದೆ. ಕೊಳಲು ಊದುವ ಮನುಷ್ಯನ ಚಿತ್ರವಿರುವ ಅವರ ಟೀ ಬಟ್ಟಲು ಪ್ರಸಿದ್ಧ. ಈಚೆಗೆ ಅದೇ ಮನುಷ್ಯ, ಅದೇ ಹಳೆಯ ಉಡುಪಿನಲ್ಲಿ, ಟ್ರಂಪೆಟ್ ಊದುತ್ತಾನೆ, ಸ್ಕೇಟ್‌ಬೋರ್ಡ್ ಮೇಲೂ ಹತ್ತಿದ್ದಾನೆ. ಪ್ರತಿ ವರ್ಷ ಮೇ ತಿಂಗಳ ಮೊದಲ ವಾರದ ರಜೆಯಲ್ಲಿ ನೋಮಿಯಲ್ಲಿ ಕುತಾನಿ ಬಟ್ಟಲುಗಳ ಜಾತ್ರೆ ಸೇರುತ್ತದೆ. ಆ ಕಡೆ ಹೋದರೆ, ಕೊಳ್ಳುವ ಮೊದಲು ತಿರುಗಿಸಿ ತಳ ನೋಡಿ.