ಎಂಜಿನಿನೊಳಗಣ ನೀರು: ಬೆಂಗಳೂರಿನ ಪೂರ್ವಭಾಗದ ಯಂತ್ರಚರಿತ್ರೆಯಲ್ಲಿ ಒಂದು ಪ್ರಕರಣ

೧. ವಿಷಯ ಪ್ರವೇಶ

ಬೆಂಕಿಗೂ ನೀರಿಗೂ ವೈರವೆಂಬುದು ಲೋಕರೂಢಿಯ ಮಾತು. ಆದರೆ ಅಂತರ್ದಹನ ಯಂತ್ರದ ಚರಿತ್ರೆಯನ್ನು ಪರಿಶೀಲಿಸಿದರೆ, ಉರಿಯ ಕೋಣೆಯೊಳಕ್ಕೇ ನೀರನ್ನು ಕಳುಹಿಸಿ ಅದರಿಂದ ಉಪಯೋಗ ಪಡೆಯುವ ಪ್ರಯತ್ನವು ನೂರು ವರ್ಷಗಳಿಗೂ ಮೀರಿದುದೆಂದು ತಿಳಿದುಬರುತ್ತದೆ. ಈಚಿನ ವರ್ಷಗಳಲ್ಲಿ ಡೀಸೆಲ್ ಕಾರುಗಳ ಒಡೆಯರಲ್ಲಿ ಕೆಲವರು ಇದೇ ಉಪಾಯವನ್ನು ತಮ್ಮ ವಾಹನಗಳಿಗೆ ಅಳವಡಿಸುವ ಮಾತನ್ನಾಡುತ್ತಿದ್ದಾರೆ. ಆ ವಾಹನಗಳಲ್ಲಿ ನಿಷ್ಕಾಸಾನಿಲದ ಒಂದು ಭಾಗವನ್ನು ಮತ್ತೆ ಎಂಜಿನಿಗೆ ಹಿಂದಿರುಗಿಸುವ ಏರ್ಪಾಡು, ಎಂದರೆ ಕಾರ್ಯಾಗಾರಗಳಲ್ಲಿ ಇ.ಜಿ.ಆರ್. ಎಂದು ಕರೆಯುವ ಭಾಗವು, ಮೊದಲೇ ಇರುತ್ತದೆ. ಅದರ ಜೊತೆಗೆ ನೀರನ್ನೂ ಸೇರಿಸಿದರೆ ಪರಿಣಾಮವೇನು? ಈ ಪ್ರಶ್ನೆಗೆ ಉತ್ತರವು ಯಂತ್ರಶಾಸ್ತ್ರದಲ್ಲಿ ಎಷ್ಟಿದೆಯೋ ಚರಿತ್ರೆಯಲ್ಲಿಯೂ ಅಷ್ಟೇ ಇದೆಯೆಂಬುದು ನಮ್ಮ ಅಭಿಪ್ರಾಯ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯವು ಬೆಂಗಳೂರು ದಂಡಿನ ಪೂರ್ವಕ್ಕೆ, ಹಲಸೂರಿನಿಂದಾಚೆಗೆ, ನಡೆದುಹೋಗಿದೆ.

೨. ಕಲ್ಪನೆಯ ಮೂಲ

ಹಂಗೇರಿಯ ಯಂತ್ರಶಿಲ್ಪಿ ದೊನಾತ್ ಬಾಂಕಿ ಎಂಬಾತನು ೧೮೯೦ರ ದಶಕದಲ್ಲಿ ಸಿಲಿಂಡರಿನೊಳಗೆ ನೀರನ್ನು ತುಂತುರಾಗಿ ಚಿಮ್ಮಿಸುವ ಎಂಜಿನನ್ನು ರಚಿಸಿದನು. ಸಂಪೀಡನವನ್ನು ಹೆಚ್ಚಿಸಿದಾಗ ಇಂಧನವು ಅಕಾಲದಲ್ಲಿ ಹೊತ್ತಿಕೊಳ್ಳುವ ದೋಷವನ್ನು ತಡೆಯುವುದೇ ಅವನ ಉದ್ದೇಶ. ೧೯೧೩ರಲ್ಲಿ ಇಂಗ್ಲೆಂಡಿನ ಬರ್ಟ್ರಮ್ ಹಾಪ್ಕಿನ್ಸನ್ ದೊಡ್ಡ ಅನಿಲ ಯಂತ್ರಗಳನ್ನು ಒಳಗಿನಿಂದಲೇ ನೀರು ಚಿಮ್ಮಿಸಿ ತಂಪುಗೊಳಿಸುವ ವಿಧಾನವನ್ನು ವಿವರಿಸಿದನು. ಅನಂತರ ಹ್ಯಾರಿ ರಿಕಾರ್ಡೊ ಪೆಟ್ರೋಲ್ ಎಂಜಿನುಗಳ ಬಡಿತವನ್ನು ನೀರಿನಿಂದ ಅಡಗಿಸಬಹುದೆಂಬುದನ್ನು ಪ್ರಯೋಗಗಳಿಂದ ತೋರಿಸಿದನು.

ಇವೆಲ್ಲಕ್ಕೂ ಆಧಾರವಾದ ತತ್ತ್ವವು ಒಂದೇ. ನೂರು ಡಿಗ್ರಿಯ ಒಂದು ಕಿಲೋಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು ೨,೨೫೭ ಕಿಲೋಜೂಲು ಶಾಖವನ್ನು ಹೀರಿಕೊಳ್ಳುತ್ತದೆ. ನಮಗೆ ಪರಿಚಿತವಾದ ದ್ರವಗಳಲ್ಲಿ ಇಷ್ಟು ಶಾಖವನ್ನು ಬೇಡುವಂಥವು ಇಲ್ಲವೆಂದೇ ಹೇಳಬಹುದು. ಆದುದರಿಂದ ಸ್ವಲ್ಪ ನೀರೇ ಬಹಳ ತಂಪನ್ನು ಕೊಡುತ್ತದೆ.

ಎರಡನೆಯ ಮಹಾಯುದ್ಧವು ಈ ತತ್ತ್ವವನ್ನು ಪ್ರಯೋಗಶಾಲೆಯಿಂದ ಆಕಾಶಕ್ಕೆ ಒಯ್ದಿತು. ಜರ್ಮನರು ನೀರು ಮತ್ತು ಮೆಥನಾಲುಗಳನ್ನು ಸಮಭಾಗವಾಗಿ ಬೆರೆಸಿ ತಮ್ಮ ಯುದ್ಧವಿಮಾನಗಳಿಗೆ ಬಳಸಿದರು. ಅಮೆರಿಕದವರು ಥಂಡರ್‌ಬೋಲ್ಟ್ ಮೊದಲಾದ ವಿಮಾನಗಳ ಎಂಜಿನುಗಳಿಗೆ ಇದೇ ಉಪಾಯವನ್ನು ಅಳವಡಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ನೀರನ್ನು ಹಾರಾಟದುದ್ದಕ್ಕೂ ಬಳಸುತ್ತಿರಲಿಲ್ಲ. ಅತ್ಯಂತ ಸಂಕಟದ ಕೆಲವೇ ನಿಮಿಷಗಳಿಗೆ ಅದು ಮೀಸಲಾಗಿತ್ತು. ನೀರು ಅಂದು ಬಲವರ್ಧಕವಾಗಿತ್ತೇ ಹೊರತು ನಿತ್ಯದ ಆಹಾರವಾಗಿರಲಿಲ್ಲ.

೩. ಹಲಸೂರಿನಿಂದ ಮೂಡಲಿಗೆ

ಮೋಟಾರು ಕಾರಿನ ಕಾರ್ಖಾನೆಯನ್ನು ಕಟ್ಟಬೇಕೆಂದು ಹಂಬಲಿಸಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೊದಲು ಕಟ್ಟಿದುದು ವಿಮಾನದ ಕಾರ್ಖಾನೆಯನ್ನು. ಮೈಸೂರು ಸಂಸ್ಥಾನದ ಸರಕಾರವು, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ಈ ಸಾಹಸದಲ್ಲಿ ಪಾಲುದಾರನಾಯಿತು. ಹೀಗೆ ೧೯೪೦ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಜನಿಸಿತು. ದಂಡು ಪ್ರದೇಶವು ಅಂದು ಬ್ರಿಟಿಷರ ಆಡಳಿತದಲ್ಲಿತ್ತು. ಕಾರ್ಖಾನೆಯಾದರೋ ಅದರಾಚೆ ಸಂಸ್ಥಾನದ ನೆಲದಲ್ಲಿ ಎದ್ದಿತು. ೧೯೪೧ರಲ್ಲಿ ಭಾರತ ಸರಕಾರವು ಪಾಲು ಪಡೆದು, ೧೯೪೨ರಲ್ಲಿ ಆಡಳಿತವನ್ನು ವಹಿಸಿಕೊಂಡಿತು. ೧೯೪೩ರಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಾಯುದಳದ ವಶಕ್ಕೆ ಹೋಯಿತು; ಪೂರ್ವದ ರಣರಂಗದಲ್ಲಿ ದಣಿದ ವಿಮಾನಗಳೂ ಎಂಜಿನುಗಳೂ ಇಲ್ಲಿಗೆ ಬಂದು ದುರಸ್ತಿಯಾಗಿ ಹಿಂದಿರುಗಿದವು. ಯುದ್ಧ ಮುಗಿದ ಮೇಲೆ ಅದು ಮತ್ತೆ ನಮ್ಮವರ ಕೈಗೆ ಬಂದಿತು.

ಅದೇ ಯುದ್ಧಕಾಲದಲ್ಲಿ ನೆಲದ ಮೇಲಿನ ವಾಹನಗಳ ಸ್ಥಿತಿ ಬೇರೆಯಾಗಿತ್ತು. ಪೆಟ್ರೋಲಿಗೆ ಪಡಿತರ ಬಂದುದರಿಂದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಓಡಿದವು. ಕೆಂಡದ ಮೇಲೆ ಹಾಯಿಸಿದ ನೀರಾವಿಯು ಒಡೆದು ಉರಿಯುವ ಅನಿಲಗಳನ್ನು ಕೊಡುತ್ತದೆಯೆಂಬುದು ಇಂತಹ ಒಲೆಗಳ ವಿಷಯದಲ್ಲಿ ತಿಳಿದ ಸಂಗತಿಯೇ. ಹೀಗೆ ನೀರು ಮೇಲೆ ಬಲವನ್ನು ಹೆಚ್ಚಿಸುತ್ತಿದ್ದಾಗ ಕೆಳಗೆ ಕೊರತೆಯನ್ನು ತುಂಬುತ್ತಿತ್ತು.

ಸ್ವಾತಂತ್ರ್ಯಾನಂತರ, ೧೯೫೭ರಲ್ಲಿ, ಬೆಂಗಳೂರಿನ ಈ ಕಾರ್ಖಾನೆಗೆ ಎಂಜಿನ್ ವಿಭಾಗವು ಸೇರಿತು. ಮೊದಲು ಆರ್ಫಿಯಸ್ ಜೆಟ್ ಎಂಜಿನೂ, ಅನಂತರ ರೋಲ್ಸ್ ರಾಯ್ಸ್ ಸಂಸ್ಥೆಯ ಡಾರ್ಟ್ ಎಂಜಿನೂ ಪರವಾನಗಿಯ ಮೇಲೆ ಇಲ್ಲಿ ತಯಾರಾದವು. ನಮ್ಮ ಜನ ಆವ್ರೊ ಎಂದು ಕರೆದ ವಿಮಾನವನ್ನು ಕಾನಪುರದಲ್ಲಿ ಜೋಡಿಸುತ್ತಿದ್ದರು. ಅದರ ಪ್ರಾಣವಾದ ಎಂಜಿನು ಡಾರ್ಟ್. ಈ ಎಂಜಿನಿನಲ್ಲಿಯೇ ನಮ್ಮ ಪ್ರಸ್ತುತ ವಿಷಯವು ಸ್ಪಷ್ಟ ರೂಪವನ್ನು ತಾಳುತ್ತದೆ.

ಗಾಳಿಯು ಬಿಸಿಯಾದಷ್ಟೂ ನೆಲವು ಎತ್ತರವಾದಷ್ಟೂ ಎಂಜಿನಿಗೆ ದೊರೆಯುವ ಗಾಳಿಯ ತೂಕವು ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ವಾಯುಭಾರವು ಕರಾವಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆಯಿರುತ್ತದೆ. ಉರಿಬಿಸಿಲಿನ ಮಧ್ಯಾಹ್ನ ತುಂಬಿದ ವಿಮಾನವು ನೆಲವನ್ನು ಬಿಡಬೇಕಾದರೆ ಈ ನಷ್ಟವನ್ನು ತುಂಬಿಕೊಡಲೇಬೇಕು. ಡಾರ್ಟ್ ಎಂಜಿನಿನ ಸಂಪೀಡಕದ ಬಾಯಲ್ಲಿ ನೀರು-ಮೆಥನಾಲುಗಳ ಮಿಶ್ರಣವನ್ನು ಚಿಮ್ಮಿಸಿದರೆ, ನೀರು ಗಾಳಿಯನ್ನು ತಂಪುಗೊಳಿಸಿ ಸಾಂದ್ರವಾಗಿಸುತ್ತದೆ. ಮೆಥನಾಲು ಉರಿದು, ನೀರಿನಿಂದಾದ ಶಾಖದ ಕೊರತೆಯನ್ನು ತುಂಬುತ್ತದೆ. ವಿಮಾನವು ಮೇಲೇರಿದೊಡನೆ ಮಿಶ್ರಣದ ಹರಿವನ್ನು ನಿಲ್ಲಿಸುತ್ತಾರೆ. ಈ ಕೆಲಸಕ್ಕೆ ಬೇಕಾದುದು ಖನಿಜರಹಿತವಾದ ಶುದ್ಧಜಲ. ಕೊಳವೆಬಾವಿಯ ಗಡಸು ನೀರನ್ನು ಹಾಕಿದರೆ ಉಪ್ಪು ಹಿಟ್ಟುಗಟ್ಟಿ ತೂತುಗಳು ಮುಚ್ಚಿಹೋಗುವುವು.

೪. ಡೀಸೆಲ್ ಎಂಜಿನಿನ ಬೇರೆಯ ಧರ್ಮ

ಈ ಅನುಭವವನ್ನು ಹಾಗೆಯೇ ರಸ್ತೆಯ ಡೀಸೆಲ್ ಕಾರಿಗೆ ತರಬಹುದೆ? ಇಲ್ಲಿ ಅವಸರ ಸಲ್ಲದು. ಪೆಟ್ರೋಲ್ ಎಂಜಿನಿಗೆ ನೀರು ಬೇಕಾದುದು ಅಕಾಲದ ಹೊತ್ತುವಿಕೆಯನ್ನು ತಡೆಯಲು. ಡೀಸೆಲ್ ಎಂಜಿನಿನಲ್ಲಿ ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನವು ಹೊತ್ತಿಕೊಳ್ಳಬೇಕು. ಆದುದರಿಂದ ಆ ರೋಗವೇ ಇಲ್ಲಿಲ್ಲ. ಡೀಸೆಲಿನ ರೋಗವು ಬೇರೆ. ಉರಿಯ ಉಷ್ಣತೆಯು ಸುಮಾರು ೧,೫೦೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿದಾಗ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ರಷ್ಯದ ವಿಜ್ಞಾನಿ ಜೆಲ್ಡೊವಿಚ್ ೧೯೪೦ರ ದಶಕದಲ್ಲಿ ಈ ಕ್ರಿಯೆಯನ್ನು ವಿವರಿಸಿದನು. ಕಣ್ಣಿಗೆ ಹೆಚ್ಚಾಗಿ ಕಾಣದ ಈ ಅನಿಲಗಳು ಶ್ವಾಸಕೋಶಕ್ಕೆ ಹಾನಿಕರ. ಬಿಸಿಲಿನಲ್ಲಿ ಓಜೋನಿನ ಹುಟ್ಟಿಗೂ ಕಾರಣ.

ಇದನ್ನು ತಗ್ಗಿಸಲೆಂದೇ ಇ.ಜಿ.ಆರ್. ಏರ್ಪಾಡು ಹುಟ್ಟಿತು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕದ ಪೆಟ್ರೋಲ್ ಕಾರುಗಳಲ್ಲಿ ಬಳಕೆಗೆ ಬಂದ ಅದು ಅನಂತರ ಡೀಸೆಲಿಗೂ ಹರಡಿತು. ಒಮ್ಮೆ ಉರಿದ ಅನಿಲವನ್ನು ತಂಪುಮಾಡಿ ಹೊಸ ಗಾಳಿಯೊಡನೆ ಬೆರೆಸಿದರೆ ಆಮ್ಲಜನಕದ ಪಾಲು ಇಳಿಯುತ್ತದೆ. ಅದರಲ್ಲಿಯ ಇಂಗಾಲದ ಡೈ ಆಕ್ಸೈಡೂ ನೀರಾವಿಯೂ ಶಾಖವನ್ನು ಹೀರುತ್ತವೆ. ಉರಿಯ ತೀವ್ರತೆ ತಗ್ಗುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯುಂಟು: ಮಸಿ ಹೆಚ್ಚುತ್ತದೆ, ಕೊಳವೆಗಳಲ್ಲಿ ಕರಿ ಕಟ್ಟುತ್ತದೆ.

ಬೆಂಗಳೂರಿನಲ್ಲಿ ಕಾನೂನಿನ ಹಿಡಿತವು ಹಂತಹಂತವಾಗಿ ಬಿಗಿಯಾಯಿತು. ೨೦೦೫ರಲ್ಲಿ ಈ ನಗರಕ್ಕೆ ಬಂದ ಭಾರತ್ ಸ್ಟೇಜ್ ಮೂರರ ಪ್ರಕಾರ ಡೀಸೆಲ್ ಕಾರು ಕಿಲೋಮೀಟರಿಗೆ ೦.೫೦ ಗ್ರಾಂ ಸಾರಜನಕದ ಆಕ್ಸೈಡುಗಳನ್ನು ಬಿಡಬಹುದಿತ್ತು. ೨೦೧೦ರ ನಾಲ್ಕನೆಯ ಹಂತದಲ್ಲಿ ಅದು ೦.೨೫ಕ್ಕೂ, ೨೦೨೦ರ ಆರನೆಯ ಹಂತದಲ್ಲಿ ೦.೦೮ಕ್ಕೂ ಇಳಿಯಿತು. ಹದಿನೈದು ವರ್ಷಗಳಲ್ಲಿ ಮಿತಿಯು ಆರರಲ್ಲೊಂದಕ್ಕೂ ಕಡಿಮೆಯಾದಂತಾಯಿತು.

೫. ನೀರೂ ಇ.ಜಿ.ಆರ್. ಕೂಡಿದಾಗ

ನೀರು ಕೂಡ ಉರಿಯ ಉಷ್ಣತೆಯನ್ನೇ ತಗ್ಗಿಸುವುದರಿಂದ ಸಾರಜನಕದ ಆಕ್ಸೈಡುಗಳನ್ನು ಕಡಿಮೆ ಮಾಡುತ್ತದೆ. ಬಾಲ್ಟಿಕ್ ಸಮುದ್ರದ ಹಡಗುಗಳಲ್ಲಿ ಈ ಕ್ರಮವು ಬಳಕೆಗೆ ಬಂದುದುಂಟು. ಇಂಧನದೊಡನೆ ನೀರನ್ನು ಬೆರೆಸಿದಾಗ, ಇಂಧನದ ತೂಕಕ್ಕೆ ಶೇಕಡ ಒಂದರಷ್ಟು ನೀರಿಗೆ ಆಕ್ಸೈಡುಗಳೂ ಶೇಕಡ ಒಂದರಷ್ಟು ಇಳಿಯುವುವೆಂಬುದು ಸ್ಥೂಲವಾದ ಲೆಕ್ಕ. ಗಾಳಿಯ ಕೊಳವೆಯಲ್ಲಿ ಚಿಮ್ಮಿಸಿದ ನೀರು ಎಲ್ಲೆಡೆ ಚದರಿಹೋಗುವುದರಿಂದ ಅದರ ಫಲವು ಇನ್ನೂ ಕಡಿಮೆ. ನಲವತ್ತು ಲೀಟರು ಡೀಸೆಲಿನ ತೂಕ ಸುಮಾರು ೩೩ ಕಿಲೋಗ್ರಾಂ. ಅದರ ಶೇಕಡ ೩೦ರಷ್ಟು ನೀರೆಂದರೆ ಹತ್ತು ಲೀಟರು. ಪ್ರತಿ ಸಲ ಇಂಧನ ತುಂಬುವಾಗಲೂ ಹತ್ತು ಲೀಟರು ಶುದ್ಧಜಲವನ್ನು ತುಂಬುವ ಶಿಸ್ತು ಹಡಗಿನ ಯಂತ್ರಕೋಣೆಯಲ್ಲಿ ಸಾಧ್ಯ. ಮನೆಯ ಕಾರಿನಲ್ಲಿ ಎಷ್ಟು ದಿನ ನಡೆದೀತು?

ಇವೆರಡೂ ಒಂದೇ ಕೊಳವೆಯಲ್ಲಿ ಕೂಡಿದಾಗ ಬೇರೆ ತೊಡಕುಗಳು ತಲೆದೋರುತ್ತವೆ. ಒಣ ಮಸಿಯು ನೀರಿನಿಂದ ಒದ್ದೆಯಾಗಿ ಜಿಡ್ಡಿನಂತೆ ಅಂಟಿಕೊಳ್ಳಬಹುದು. ಇಂಧನದ ಗಂಧಕದಿಂದ ಹುಟ್ಟಿದ ಅನಿಲವು ನೀರಿನೊಡನೆ ಸೇರಿ ಆಮ್ಲವಾಗಿ ಲೋಹವನ್ನು ಕೊರೆಯಬಹುದು. ಟರ್ಬೊ ಚಕ್ರದ ಮುಂದೆ ಚಿಮ್ಮಿಸಿದ ಹನಿಗಳು ಅದರ ಅಲಗುಗಳನ್ನು ಸವೆಸುತ್ತವೆ. ಎಂಜಿನು ನಿಂತ ಮೇಲೆ ನಾಜಲು ತೊಟ್ಟಿಕ್ಕಿದರೆ ಸಿಲಿಂಡರಿನಲ್ಲಿ ನೀರು ನಿಂತು, ಮರುದಿನ ಚಾಲನೆ ಮಾಡುವಾಗ ಕನೆಕ್ಟಿಂಗ್ ರಾಡು ಬಾಗಿಹೋಗುವ ಅಪಾಯವಿದೆ. ಇದಲ್ಲದೆ ಕಾರಿನ ವಿದ್ಯುನ್ಮಾನ ನಿಯಂತ್ರಕವು ಒಳಬರುವ ಗಾಳಿಯನ್ನು ಅಳೆದು ಇ.ಜಿ.ಆರ್. ಪ್ರಮಾಣವನ್ನು ನಿರ್ಧರಿಸುತ್ತದೆ, ನೀರಿನ ವಿಷಯ ಅದಕ್ಕೆ ತಿಳಿಯದು. ತಯಾರಕರು ಇಟ್ಟ ಹದವು ಹೀಗೆ ತಪ್ಪುತ್ತದೆ. ಮೆಥನಾಲನ್ನು ಬೆರೆಸಿದರಂತೂ ಲೆಕ್ಕಕ್ಕೆ ಸಿಗದ ಇಂಧನವನ್ನೇ ಕೊಟ್ಟಂತಾಯಿತು.

ಎಲ್ಲಕ್ಕಿಂತ ಮುಖ್ಯವಾದುದು ಕಾಲದ ಪ್ರಶ್ನೆ. ಇ.ಜಿ.ಆರ್. ಸಾಮಾನ್ಯವಾಗಿ ಕೆಲಸ ಮಾಡುವುದು ಹಗುರವಾದ ಹೊರೆಯಲ್ಲಿ. ಪೂರ್ಣ ಹೊರೆಯಲ್ಲಿ ಅದರ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ನೀರಿನ ಫಲವು ಹೆಚ್ಚುವುದು ಪೂರ್ಣ ಹೊರೆಯಲ್ಲಿ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ತೆವಳಿ, ಟಿನ್ ಫ್ಯಾಕ್ಟರಿಯ ಬಳಿ ನಿಂತು, ಕೃಷ್ಣರಾಜಪುರದ ತೂಗುಸೇತುವೆಯನ್ನು ಏರುವ ಕಾರು ದಿನದ ಹೆಚ್ಚು ಹೊತ್ತು ಯಾವ ಹೊರೆಯನ್ನು ಹೊರುತ್ತದೆ? ಡಾರ್ಟ್ ಎಂಜಿನಿಗೆ ನೀರು ಬೇಕಾದುದು ನೆಲ ಬಿಡುವ ಕೆಲವು ನಿಮಿಷಗಳಿಗೆ. ಈ ಕಾರಿಗೆ ನೆಲ ಬಿಡುವ ಗಳಿಗೆಯೇ ಬಾರದು. ಆದುದರಿಂದ ನಗರದ ಸಂಚಾರದಲ್ಲಿ ನೀರು ಇ.ಜಿ.ಆರ್.ಗೆ ಸಹಾಯಕವಾಗಬಹುದಾದ ಅವಕಾಶವು ಅತ್ಯಲ್ಪ. ಅದಕ್ಕೆ ಬದಲಿಯಂತೂ ಆಗಲಾರದು.

೬. ಅಳತೆಯ ದೋಷ

ಆದರೂ ಇದನ್ನು ಬದಲಿಯೆಂದು ಭಾವಿಸಿ ಇ.ಜಿ.ಆರ್. ದಾರಿಯನ್ನು ತಗಡಿನಿಂದ ಮುಚ್ಚಿಬಿಡುವ ಪದ್ಧತಿಯುಂಟು. ಮುಚ್ಚಿದರೆ ಮಸಿ ಕಡಿಮೆಯಾಗುತ್ತದೆ, ಎಂಜಿನು ಚುರುಕಾದಂತೆ ತೋರುತ್ತದೆ. ಹೊಗೆ ತಪಾಸಣೆಯಲ್ಲಿ ಡೀಸೆಲ್ ವಾಹನಕ್ಕೆ ಅಳೆಯುವುದು ಹೊಗೆಯ ಸಾಂದ್ರತೆಯನ್ನು ಮಾತ್ರ, ಸಾರಜನಕದ ಆಕ್ಸೈಡುಗಳನ್ನಲ್ಲ. ಹೀಗಾಗಿ ಗಾಳಿಯನ್ನು ಹೆಚ್ಚು ಕೆಡಿಸುವ ಕಾರಿಗೆ ಹೆಚ್ಚು ಒಳ್ಳೆಯ ಅಂಕ ದೊರೆಯುವ ವಿಪರ್ಯಾಸವು ಸಂಭವಿಸುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ತಯಾರಕರು ನಿರ್ದೇಶಿಸಿದ ಲಕ್ಷಣಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಆದರೆ ಅಳತೆಗೋಲಿಗೆ ಕಾಣದ ತಪ್ಪನ್ನು ಕಾನೂನು ಹಿಡಿಯುವುದು ಸುಲಭವಲ್ಲ. ೨೦೧೫ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯ ಪ್ರಕರಣವು ಜಗತ್ತಿಗೆ ತಿಳಿಸಿದ ಪಾಠವೂ ಇದೇ: ಪರೀಕ್ಷೆಯ ಕೋಣೆಯಲ್ಲಿ ಶುದ್ಧವಾಗಿದ್ದ ಕಾರುಗಳು ರಸ್ತೆಯಲ್ಲಿ ಹಾಗಿರಲಿಲ್ಲ.

೭. ಉಪಸಂಹಾರ

ಈವರೆಗಿನ ವಿವೇಚನೆಯಿಂದ ನಾವು ಎರಡು ಧಾರೆಗಳನ್ನು ಬೇರ್ಪಡಿಸಬಹುದು. ಬಾಂಕಿಯಿಂದ ಡಾರ್ಟ್ ಎಂಜಿನಿನವರೆಗೆ ಹರಿದುದು ಬಲಕ್ಕಾಗಿ ಬಳಸಿದ ನೀರು. ಅದರ ಕುಲವು ಅಳಿದಿಲ್ಲ. ೨೦೧೬ರಲ್ಲಿ ಬಾಷ್ ಸಂಸ್ಥೆಯ ಜಲಸಿಂಚನವನ್ನು ಧರಿಸಿ ಜರ್ಮನಿಯ ಒಂದು ವೇಗದ ಪೆಟ್ರೋಲ್ ಕಾರು ಮಾರುಕಟ್ಟೆಗೆ ಬಂದಿತು. ಬೆಂಗಳೂರಿನ ಆಡುಗೋಡಿಯಲ್ಲಿ ೧೯೫೧ರಿಂದ ಮೈಕೊ ಎಂಬ ಹೆಸರಿನಲ್ಲಿ ಬೆಳೆದುದು ಇದೇ ಸಂಸ್ಥೆಯ ಶಾಖೆ. ಎರಡನೆಯದು ಶುದ್ಧಿಗಾಗಿ ಬಳಸಿದ ನೀರು. ಇದು ಡೀಸೆಲ್ ಕಾರಿಗೆ ಬಂದುದು ನಿರೀಕ್ಷಿಸದ ದಾರಿಯಿಂದ. ಆರನೆಯ ಹಂತದ ಹಲವು ಡೀಸೆಲ್ ವಾಹನಗಳಲ್ಲಿ ಯೂರಿಯಾ ದ್ರಾವಣದ ತೊಟ್ಟಿಯಿರುತ್ತದೆ. ಆ ದ್ರಾವಣದಲ್ಲಿ ಯೂರಿಯಾ ಶೇಕಡ ೩೨.೫, ಉಳಿದ ೬೭.೫ ಭಾಗ ಶುದ್ಧಜಲವೇ. ಅದನ್ನು ಚಿಮ್ಮಿಸುವುದು ಎಂಜಿನಿನ ಬಾಯಿಗಲ್ಲ, ಹೊಗೆಯ ಕೊಳವೆಗೆ. ತೊಟ್ಟಿ ಬರಿದಾದರೆ ನಿಯಂತ್ರಕವು ಒಡೆಯನನ್ನು ಎಚ್ಚರಿಸುತ್ತದೆ, ಕೊನೆಗೆ ಕಾರನ್ನು ಚಾಲನೆಗೇ ಬಿಡದು. ಒಡೆಯನ ಶ್ರದ್ಧೆಗೆ ಬಿಡದೆ ಶಿಸ್ತನ್ನು ಯಂತ್ರದಲ್ಲಿಯೇ ಕಟ್ಟಿಟ್ಟಿರುವುದು ಇದರ ವೈಶಿಷ್ಟ್ಯ.

ಹಳೆಯ ಡೀಸೆಲ್ ಕಾರಿಗೆ ನೀರನ್ನು ಅಳವಡಿಸಬಯಸುವವರು ಈ ಎರಡು ಧಾರೆಗಳಲ್ಲಿ ತಾವು ಯಾವುದನ್ನು ಹಿಡಿದಿದ್ದೇವೆಂದು ಮೊದಲು ನಿಶ್ಚಯಿಸಿಕೊಳ್ಳಬೇಕು. ಬಲವೇ ಬೇಕಾದರೆ ಅದನ್ನು ಶುದ್ಧಿಯ ಹೆಸರಿನಿಂದ ಕರೆಯುವುದು ನ್ಯಾಯವಲ್ಲ. ಶುದ್ಧಿಯೇ ಬೇಕಾದರೆ ಇರುವ ಇ.ಜಿ.ಆರ್. ಏರ್ಪಾಡನ್ನು ಬಿಚ್ಚಿ ಮಸಿ ತೆಗೆದು, ಅದರ ಶೀತಕವನ್ನೂ ಕವಾಟವನ್ನೂ ಸುಸ್ಥಿತಿಯಲ್ಲಿಡುವುದು ಮೊದಲ ಕೆಲಸ. ಈ ಸೇವೆಗೆ ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಕುಶಲಿಗಳಿಗೆ ಕೊರತೆಯಿಲ್ಲ. ಹಾಗೆಯೇ ತಪಾಸಣೆಯ ಕೇಂದ್ರಗಳಲ್ಲಿ ಹೊಗೆಯೊಡನೆ ಸಾರಜನಕದ ಆಕ್ಸೈಡುಗಳನ್ನೂ ಅಳೆಯುವ ಕ್ರಮವು ಬರುವವರೆಗೆ ಕಾರ್ಯಾಗಾರಗಳ ಜಾಣ್ಮೆಯು ತಪ್ಪು ಗುರಿಯ ಕಡೆಗೇ ಹರಿಯುತ್ತಿರುವುದು ಸಹಜ. ಉಸಿರಾಡುವ ಗಾಳಿಯು ಒಡೆಯನಿಗೂ ದಾರಿಹೋಕನಿಗೂ ಒಂದೇ ಆದುದರಿಂದ, ಈ ಅಳತೆಯನ್ನು ಸರಿಪಡಿಸುವುದು ನೀರಿನ ತೊಟ್ಟಿಯನ್ನು ಕೂರಿಸುವುದಕ್ಕಿಂತ ಮೊದಲು ಆಗಬೇಕಾದ ಕಾರ್ಯವೆಂದು ನಾವು ಭಾವಿಸುತ್ತೇವೆ.