ಪವರ್ ಪೆಟ್ರೋಲಿನ ಪವರ್ ಎಲ್ಲಿದೆ?

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೋ ಕುರುಗೋಡಿನ ಕಡೆಗೋ ಹೊರಡುವ ಬೈಕ್ ಸವಾರರಲ್ಲಿ ಒಂದು ನಂಬಿಕೆ ಬೇರೂರಿದೆ. ಬಂಕಿನಲ್ಲಿ ಸ್ವಲ್ಪ ಹೆಚ್ಚು ಕೊಟ್ಟು ‘ಪವರ್ ಪೆಟ್ರೋಲ್’ ಹಾಕಿಸಿದರೆ ಗಾಡಿಗೆ ಪಿಕಪ್ ಬರುತ್ತದೆ, ಮೈಲೇಜೂ ಏರುತ್ತದೆ ಎಂಬುದು ಅದು. ಭತ್ತದ ಬೀಜ, ಗೊಬ್ಬರದ ಚೀಲ ಹೇರಿಕೊಂಡು ಓಡಾಡುವ ರೈತರೂ ಇದನ್ನು ಹೇಳುತ್ತಾರೆ, ಕಾಲೇಜು ಹುಡುಗರೂ ಹೇಳುತ್ತಾರೆ. ಈ ನಂಬಿಕೆಯ ಹಿಂದೆ ನೂರು ವರ್ಷಗಳ ಇತಿಹಾಸವಿದೆ. ಅದರಲ್ಲಿ ಯುದ್ಧವಿದೆ, ವಿಷವಿದೆ, ಪೇಟೆಂಟೂ ಇದೆ.

ಮೊದಲು ಎಂಜಿನ್ನಿನ ಕಥೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನಾವೆಲ್ಲ ಮುಟ್ಟಿ ನೋಡಿದ್ದೇವೆ. ಸಿಲಿಂಡರಿನೊಳಗೂ ಅದೇ ನಡೆಯುತ್ತದೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಹೆಚ್ಚು ಒತ್ತಿದರೆ ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಮಿತಿ ಮೀರಿದರೆ, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮುಂಚೆಯೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಾಡಿಸಿದ ಸದ್ದು ಬರುತ್ತದೆ. ಮೆಕ್ಯಾನಿಕ್‌ಗಳು ‘ನಾಕಿಂಗ್’ ಎನ್ನುವುದು ಇದನ್ನೇ.

ಈ ಸಿಡಿತಕ್ಕೆ ಮದ್ದು ಹುಡುಕಲು ಹೊರಟವರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಗ್ಲಿ ಮುಖ್ಯನಾದವನು. 1921ರ ಡಿಸೆಂಬರ್‌ನಲ್ಲಿ ಅವನಿಗೆ ಸಿಕ್ಕಿದ್ದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ. ಮದ್ಯಸಾರ, ಅಂದರೆ ಎಥನಾಲ್, ನಾಕಿಂಗ್ ತಡೆಯುತ್ತದೆ ಎಂಬುದು ಆ ಹೊತ್ತಿಗಾಗಲೇ ಗೊತ್ತಿತ್ತು. ಆದರೆ ಎಥನಾಲನ್ನು ಯಾರು ಬೇಕಾದರೂ ಭಟ್ಟಿ ಇಳಿಸಬಹುದಿತ್ತು, ಅದಕ್ಕೆ ಪೇಟೆಂಟ್ ಸಿಗುವಂತಿರಲಿಲ್ಲ. ಸೀಸ ಚಿಟಿಕೆಯಷ್ಟು ಸಾಕಾಗುತ್ತಿತ್ತು, ಪೇಟೆಂಟೂ ಸಿಕ್ಕಿತು. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಆ ಸಂಯುಕ್ತದ ವಿಷವೇರಿ ಐವರು ಕಾರ್ಮಿಕರು ಸತ್ತರು. ಮಾರಾಟ ಕೆಲಕಾಲ ನಿಂತು ಮತ್ತೆ ಶುರುವಾಯಿತು.

ಆಕ್ಟೇನ್ ಮಾಪನ ಬಂದದ್ದು 1926ರಲ್ಲಿ, ಗ್ರಹಾಂ ಎಡ್ಗರ್ ಎಂಬ ರಸಾಯನ ವಿಜ್ಞಾನಿಯಿಂದ. ಸುಲಭಕ್ಕೆ ಸಿಡಿಯದ ಐಸೋಆಕ್ಟೇನಿಗೆ 100, ಬೇಗ ಸಿಡಿಯುವ ಹೆಪ್ಟೇನಿಗೆ 0 ಅಂಕ ಕೊಡಲಾಯಿತು. 91 ಆಕ್ಟೇನಿನ ಪೆಟ್ರೋಲ್ ಅಂದರೆ, 91 ಪಾಲು ಐಸೋಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟು ತಾಳಿಕೊಳ್ಳುವ ಪೆಟ್ರೋಲ್. ಈ ಸಂಖ್ಯೆ ತಾಳ್ಮೆಯನ್ನು ಅಳೆಯುತ್ತದೆ. ಅದರಲ್ಲಿ ಎಷ್ಟು ಶಕ್ತಿ ತುಂಬಿದೆ ಎಂಬುದನ್ನು ಹೇಳುವುದೇ ಇಲ್ಲ.

ಹಾಗಿದ್ದರೆ ‘ಆಕ್ಟೇನ್ ಅಂದರೆ ಪವರ್’ ಎಂಬ ಮಾತು ಎಲ್ಲಿಂದ ಬಂತು? ಒಂದು ಬೇರು ಎರಡನೆಯ ಮಹಾಯುದ್ಧದಲ್ಲಿದೆ. 1940ರಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳು 100 ಆಕ್ಟೇನ್ ಇಂಧನ ಬಳಸಿ ಹೆಚ್ಚು ಶಕ್ತಿ ಪಡೆದವು ನಿಜ. ಆದರೆ ಆ ಇಂಧನದ ಭರವಸೆಯ ಮೇಲೆ ಎಂಜಿನಿಯರುಗಳು ಮರ್ಲಿನ್ ಎಂಜಿನ್ನಿನ ಸೂಪರ್‌ಚಾರ್ಜರ್ ಒತ್ತಡವನ್ನೇ ಏರಿಸಿದ್ದರು. ಒತ್ತಡ ಏರಿಸದೆ ಇಂಧನವನ್ನಷ್ಟೇ ಬದಲಿಸಿದ್ದರೆ ವಿಮಾನಕ್ಕೆ ಹೇಳಿಕೊಳ್ಳುವ ಲಾಭವೇನೂ ಆಗುತ್ತಿರಲಿಲ್ಲ.

ಇನ್ನೊಂದು ಬೇರು ನಮ್ಮ ಬಂಕುಗಳಲ್ಲೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಓಡಾಡಿದ ಕಾಲವೆಲ್ಲ ಸೀಸದ ಪೆಟ್ರೋಲಿನ ಕಾಲ. ಮಕ್ಕಳ ಮಿದುಳಿಗೆ ಹಾನಿ ಮಾಡುವ ಆ ಸೀಸ ನಮ್ಮ ದೇಶದ ಬಂಕುಗಳಿಂದ ಹೊರಬಿದ್ದದ್ದು 2000ದಲ್ಲಿ. ಅದಾದ ಒಂದೆರಡು ವರ್ಷಗಳಲ್ಲಿ ತೈಲ ಕಂಪನಿಗಳು ಸ್ಪೀಡ್, ಪವರ್ ಮುಂತಾದ ಹೆಸರಿನಲ್ಲಿ ದುಬಾರಿ ಪೆಟ್ರೋಲ್ ತಂದವು. ಅವುಗಳ ವಿಶೇಷ ಇದ್ದದ್ದು ಮುಖ್ಯವಾಗಿ ಎಂಜಿನ್ ಒಳಗಿನ ಕೊಳೆ ತೆಗೆಯುವ ರಾಸಾಯನಿಕದಲ್ಲಿ. ಜನರ ಬಾಯಲ್ಲಿ ಮಾತ್ರ ‘ಪವರ್’ ಎಂಬ ಹೆಸರೇ ನಿಂತಿತು. ಸೀಮೆಎಣ್ಣೆ ಬೆರಕೆಯೂ ಈ ನಂಬಿಕೆಗೆ ನೀರೆರೆದಿರಬೇಕು. ಸೀಮೆಎಣ್ಣೆ ಬೆರೆತರೆ ಆಕ್ಟೇನ್ ಇಳಿದು ಗಾಡಿ ನಾಕ್ ಆಗುತ್ತದೆ. ಅಂಥ ಪೆಟ್ರೋಲ್ ಬಿಟ್ಟು ದುಬಾರಿಯದನ್ನು ಹಾಕಿಸಿದವನಿಗೆ ಗಾಡಿ ಹಗುರಾಗಿ ಓಡಿದಂತೆ ಅನ್ನಿಸಿದ್ದರೆ ಅದು ಭ್ರಮೆಯಲ್ಲ. ಅವನಿಗೆ ಸಿಕ್ಕಿದ್ದು ಬೆರಕೆಯಿಲ್ಲದ ಪೆಟ್ರೋಲ್, ಅಷ್ಟೇ.

ಈಗ ನಮ್ಮ ರಸ್ತೆಗಳಿಗೆ ಬರೋಣ. ಇಲ್ಲಿ ಹೆಚ್ಚಾಗಿ ಕಾಣುವ ನೂರು ಸಿ.ಸಿ. ಗಾಡಿಗಳ ಒತ್ತಡದ ಅನುಪಾತ 9:1ರಿಂದ 10:1ರ ಆಸುಪಾಸಿನಲ್ಲಿದೆ. ಸಾಮಾನ್ಯ ಪೆಟ್ರೋಲಿಗೆಂದೇ ಅವುಗಳನ್ನು ಮಾಡಿದ್ದಾರೆ. ನಾಕಿಂಗ್ ಪತ್ತೆಹಚ್ಚಿ ಕಿಡಿಯ ಟೈಮಿಂಗ್ ಬದಲಿಸುವ ಸೆನ್ಸರ್ ಅವುಗಳಲ್ಲಿ ಇರುವುದಿಲ್ಲ. ಹಾಗಾಗಿ ಹೆಚ್ಚುವರಿ ಆಕ್ಟೇನನ್ನು ಬಳಸಿಕೊಳ್ಳುವ ದಾರಿಯೇ ಅವಕ್ಕಿಲ್ಲ. 12:1 ದಾಟುವ ಕೆಟಿಎಂ 390ಯಂಥ ಗಾಡಿಗಳ ಮಾತು ಬೇರೆ, ಅಲ್ಲಿ ಆಕ್ಟೇನಿಗೆ ಕೆಲಸವಿದೆ. ಬಳ್ಳಾರಿಯ ನಲವತ್ತು ಡಿಗ್ರಿ ಬಿಸಿಲಿನಲ್ಲಿ, ಒಳಗೆ ಕಾರ್ಬನ್ ಕಟ್ಟಿದ ಹಳೆಯ ಗಾಡಿ ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ನಾಕ್ ಆಗಬಹುದು. ಆಗ ಹೆಚ್ಚು ಆಕ್ಟೇನ್ ಸದ್ದನ್ನು ಅಡಗಿಸೀತು. ಆದರೆ ಕಾಯಿಲೆ ಇರುವುದು ಕಾರ್ಬನ್ನಿನಲ್ಲಿ. ಅದನ್ನು ತೆಗೆಸುವುದೇ ಸರಿಯಾದ ಮದ್ದು.

ನೂರು ವರ್ಷಗಳ ಹಿಂದೆ ಬದಿಗೆ ಸರಿದ ಎಥನಾಲ್ ಈಗ ಮರಳಿ ಬಂದಿದೆ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಅದರ ಪಾಲು ಶೇ. 20. ಕಬ್ಬು, ಮೆಕ್ಕೆಜೋಳದ ಜೊತೆ ಅಕ್ಕಿಯಿಂದಲೂ ಅದನ್ನು ತೆಗೆಯುತ್ತಾರೆ. ಹಾಗಾಗಿ ಸಿರುಗುಪ್ಪದಂಥ ಭತ್ತದ ಸೀಮೆಗೆ ಈ ಕಥೆ ಇನ್ನು ದೂರದ್ದಲ್ಲ. ಈ ಬೆರಕೆಯಿಂದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿತು. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ, ಒಂದು ಲೀಟರ್ ಪೆಟ್ರೋಲಿನ ಶಕ್ತಿಯ ಮೂರನೇ ಎರಡು ಭಾಗ ಮಾತ್ರ. ಆಕ್ಟೇನ್ ಏರಿದರೂ ಲೀಟರಿಗೆ ಸಿಗುವ ಶಕ್ತಿ ಇಳಿದಿದೆ. ಆಕ್ಟೇನ್ ಬೇರೆ, ಪವರ್ ಬೇರೆ ಎಂಬುದಕ್ಕೆ ಪುರಾವೆ ಈಗ ಪ್ರತಿ ಗಾಡಿಯ ಟ್ಯಾಂಕಿನಲ್ಲೇ ಇದೆ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಎಷ್ಟು ಆಕ್ಟೇನ್ ಬೇಕೆಂದು ಬರೆದಿದೆಯೋ ಅಷ್ಟು ಹಾಕಿಸಿದರೆ ಸಾಕು. ಅದಕ್ಕಿಂತ ಹೆಚ್ಚಿಗೆ ಕೊಟ್ಟ ದುಡ್ಡು ಗಾಡಿಯನ್ನು ಓಡಿಸುವುದಿಲ್ಲ.